ಕಾರಭಾರಿಯ ಕೆಮ್ಮು

ನಾನು ಎದ್ದು ನಿಲ್ಲಲಿಲ್ಲ. ಒಪ್ಪಿಕೊಳ್ಳಬೇಕಾದ ತಪ್ಪು ಇಷ್ಟೇ, ಕೇಳಿದರೆ ನೀವು ನಗಬಹುದು. ಲೋಕದಲ್ಲಿ ಜನ ಏನೇನೋ ಮಾಡಿ ತಪ್ಪಿತಸ್ಥರಾಗುತ್ತಾರೆ. ನಾನು ಕುಳಿತಲ್ಲೇ ಕುಳಿತು ಆದೆ. ನನ್ನ ಕಸುಬೂ ಅದಕ್ಕೆ ತಕ್ಕದ್ದೇ. ನರಗುಂದದ ಗುಡ್ಡದ ಕೆಳಗಿನ ಪೇಟೆಯಲ್ಲಿ ನನ್ನದೊಂದು ಗಾದಿ ಅಂಗಡಿ ಇದೆ. ಹತ್ತಿ ಹಿಂಜಿ, ಗಾದಿ ತಲೆದಿಂಬು ಹೊಲಿದು ಊರ ಜನರನ್ನು ಸುಖವಾಗಿ ಮಲಗಿಸುವುದು ನಮ್ಮ ಮನೆತನದ ಉದ್ಯೋಗ. ಮಲಗಿಸುವುದರಲ್ಲಿ ಇಷ್ಟು ನುರಿತವನಿಗೆ, ಏಳಬೇಕಾದ ಒಂದು ಗಳಿಗೆಯಲ್ಲಿ ಏಳುವುದು ಹೇಗೆಂಬುದೇ ಮರೆತುಹೋಯಿತು.

ಆ ತಪ್ಪಿಗೆ ಒಂದು ಗುರುತೂ ಇತ್ತು. ಅಂಗಡಿಯ ಮೇಲಿನ ಹಲಗೆಯಲ್ಲಿ, ತಲೆದಿಂಬಿನ ಹೊಸ ಗವಸುಗಳ ಹಿಂದೆ, ತಲೆಗೆ ಸುತ್ತುವ ಗುಲಾಬಿ ಬಣ್ಣದ ರುಮಾಲೊಂದು ವರ್ಷಗಟ್ಟಲೆ ಮಡಿಕೆ ಬಿಚ್ಚದೆ ಕುಳಿತಿತ್ತು. ಬಟ್ಟೆಯ ವಿಷಯ ನನಗೆ ಅಷ್ಟಿಷ್ಟು ತಿಳಿಯುತ್ತದೆ, ಅದರಿಂದ ಹೇಳುತ್ತೇನೆ: ಬಹಳ ದಿನ ಬಿಚ್ಚದ ಬಟ್ಟೆಗೆ ಮಡಿಕೆಯ ಮೇಲೆ ಒಂದು ಗೆರೆ ಬೀಳುತ್ತದೆ. ಆಮೇಲೆ ಒಗೆದರೂ ಇಸ್ತ್ರಿ ಹೊಡೆದರೂ ಆ ಗೆರೆ ಹೋಗುವುದಿಲ್ಲ. ಮನುಷ್ಯರಿಗೂ ಹೀಗೇ ಎಂದು ಕಲಿತವರು ಯಾರಾದರೂ ಮುಂದುವರಿಸಿಯಾರು. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು, ಅಷ್ಟು ದೂರ ಹೋಗುವುದಿಲ್ಲ. ರುಮಾಲಿಗೆ ಮಾತ್ರ ಗೆರೆ ಬಿದ್ದಿತ್ತು.

ಆ ರುಮಾಲು ಅಲ್ಲಿಗೆ ಯಾಕೆ ಬಂತೆಂದು ಹೇಳಬೇಕಾದರೆ ಮೊದಲು ಆಯೇರಿಯ ವಿಷಯ ಹೇಳಬೇಕು. ನಮ್ಮ ಕಡೆ ಊರಿನವರೇ ಬಣ್ಣ ಹಚ್ಚಿ ನಾಟಕ ಆಡಿದರೆ, ಪಾತ್ರಧಾರಿಯ ಬಂಧುಬಳಗ ಅವನಿಗೆ ವೇದಿಕೆಯ ಮೇಲೇ ಉಡುಗೊರೆ ಮಾಡುವುದುಂಟು. ಅದೇ ಆಯೇರಿ. ನಾಟಕ ಮುಗಿದ ಮೇಲಲ್ಲ, ನಡುವೆ. ಮೈಕಿನವನು ಹೆಸರು ಕೂಗುತ್ತಾನೆ, ನಾಟಕ ಅಲ್ಲಿಗೇ ನಿಲ್ಲುತ್ತದೆ, ಹಾರ್ಮೋನಿಯಂ ಪೇಟಿ ಬಾರಿಸುವವನು ಸುಮ್ಮನೆ ಒಂದು ರಾಗ ಎಳೆಯುತ್ತಾನೆ, ಬಂಧುಗಳು ಮೆಟ್ಟಿಲು ಹತ್ತುತ್ತಾರೆ. ಲಕ್ಕಲಕಟ್ಟಿಯಲ್ಲಿ ನಾನೇ ಕಂಡದ್ದು ಹೇಳುತ್ತೇನೆ. ಖಳನಾಯಕ ಕತ್ತಿ ಎತ್ತಿ ನಾಯಕನ ಎದೆಗೆ ಗುರಿಯಿಟ್ಟು ನಿಂತಿದ್ದಾಗ ಮೈಕಿನಲ್ಲಿ ಅವನ ಸೋದರಮಾವನ ಹೆಸರು ಬಂತು. ಖಳನಾಯಕ ಕತ್ತಿಯನ್ನು ಬಗಲಲ್ಲಿ ಇರುಕಿಕೊಂಡು ಕೈಮುಗಿದ. ಮಾವ ಮೊಣಕಾಲು ಹಿಡಿದುಕೊಂಡು ಮೇಲೆ ಬಂದು, ಟವೆಲ್ಲು ಹೊದಿಸಿ, ಕೊಬ್ಬರಿ ಬಟ್ಟಲು ಕೈಗಿಟ್ಟು, ಸಾಯಲು ಕಾದು ಕುಳಿತಿದ್ದ ನಾಯಕನ ಕಡೆ ತಿರುಗಿ, "ನೀ ಯಾರ ಪೈಕಿ ತಮ್ಮಾ?" ಎಂದು ವಿಚಾರಿಸಿ ಇಳಿದುಹೋದ. ಹೊಸ ಟವೆಲ್ಲು ಹೊದ್ದೇ ಕೊಲೆ ನಡೆಯಿತು. ಯಾರಿಗೂ ಅದು ರಸಭಂಗ ಅನ್ನಿಸಲಿಲ್ಲ. ನಮ್ಮಲ್ಲಿ ಆಯೇರಿಗೆ ಇರುವುದು ಒಂದೇ ನಿಯಮ: ಪಾತ್ರ ಜೀವಂತ ಇರುವಾಗಲೇ ಮಾಡಬೇಕು. ಬಣ್ಣ ತೊಳೆದ ಮೇಲೆ ಕೊಟ್ಟರೆ ಅದು ಬರೀ ಬಟ್ಟೆ.

ನಮ್ಮದು ಮೂಲತಃ ಅಸೂಟಿ. ಒಂದು ವರ್ಷ ಅಲ್ಲಿಯ ಹೆಣ್ಣುಮಕ್ಕಳ ಸಂಘದವರು, ಗಂಡಸರು ವರ್ಷವೂ ಆಡುವ ನಾಟಕ ನಾವೇಕೆ ಆಡಬಾರದು ಎಂದು ಹಟ ಹಿಡಿದರು. ರಾಜನಿಂದ ಸೇವಕನವರೆಗೆ ಎಲ್ಲ ಹೆಂಗಸರೇ. ಸಂಜೆಗೆ ಮನೆಗೆ ಹೋಗಿ ರೊಟ್ಟಿ ಬಡಿಯಬೇಕಾದ್ದರಿಂದ ಆಟ ಮಧ್ಯಾಹ್ನಕ್ಕೇ. ರಾಜನನ್ನು ನಂಬಿಸಿ ಕುತ್ತಿಗೆ ಕೊಯ್ಯುವ ಮಂತ್ರಿಯ ಪಾತ್ರ ನನ್ನ ತಂಗಿ ದಾವಲಬಿಗೆ ಬಂತು. ಕಾರಣ ಅವಳ ದನಿ. ಅವಳ ದನಿ ಮೊದಲಿನಿಂದಲೂ ದಪ್ಪ, ಬಾವಿಯ ಒಳಗಿನಿಂದ ಬಂದಂತೆ. ಸಣ್ಣವಳಿದ್ದಾಗ ಮನೆಗೆ ಬಂದವರು ಹೊರಗಿನಿಂದ ಅವಳ ಮಾತು ಕೇಳಿ, "ಮನ್ಯಾಗ ಯಾರೋ ಗಂಡಸರ ಅದಾರ" ಎಂದು ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಅವಳ ದನಿ ಸಣ್ಣದಾಗಲೆಂದು ಅವ್ವ ಜೇನುತುಪ್ಪ ತಿನ್ನಿಸಿದಳು. ದಪ್ಪ ದನಿ ಹಾಗೇ ಉಳಿದು, ಮೇಲೊಂದಿಷ್ಟು ಜೇನು ಸೇರಿತು ಅಷ್ಟೆ.

ಅಪ್ಪ ತೀರಿಕೊಂಡಿದ್ದರು. ಆಯೇರಿ ಮಾಡಬೇಕಾದವನು ನಾನು. ಮೊದಲೇ ಮೈಕಿನವನ ಹತ್ತಿರ ಹೆಸರು ಬರೆಸಿದ್ದೆ. ಪಾತ್ರ ಮಂತ್ರಿಯದಾದ್ದರಿಂದ ಸೀರೆಯಲ್ಲ, ರುಮಾಲೇ ಆಗಬೇಕೆಂದು ನರಗುಂದದ ಪೇಟೆಯಲ್ಲಿ ಆರಿಸಿ ತೆಗೆದುಕೊಂಡು, ಚೀಲದಲ್ಲಿಟ್ಟುಕೊಂಡು ಹೋಗಿ, ಬೇವಿನ ಗಿಡದ ಬುಡಕ್ಕೆ ಕುಳಿತೆ. ಇಷ್ಟರವರೆಗೆ ನಾನು ಒಳ್ಳೆಯ ಅಣ್ಣನೇ.

ದಾವಲಿ ಮೀಸೆ ಹಚ್ಚಿಕೊಂಡು ಬಂದಳು. ಮೊದಲ ಮಾತಿಗೇ ಜನ ತಣ್ಣಗಾದರು. ಮುಂದಿನ ಮಾತಿಗೆ ಹೆಂಗಸರು ಲಟಿಕೆ ಮುರಿದು ಶಾಪ ಹಾಕಿದರು. ಖಳನಿಗೆ ಬೀಳುವ ಶಾಪ ನಾಯಕನಿಗೆ ಬೀಳುವ ಹೂವಿಗಿಂತ ದೊಡ್ಡದೆಂದು ನಾಟಕ ಕಂಡ ಯಾರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ನನ್ನ ಹಿಂದೆ ಕುಳಿತಿದ್ದ ಒಬ್ಬ, "ಅಲ್ಲಲೇ, ಇದು ಪಿಂಜಾರ ಇಮಾಮನ ತಂಗಿ ಅಲ್ಲೇನು? ಗಂಡಸs ಆಗಿಬಿಟ್ಟಾಳಲ್ಲೋ! ಇನ್ನ ಇಮಾಮ ಸೀರಿ ಉಟ್ಕೋಬೇಕು" ಎಂದ. ಸುತ್ತಲಿನವರು ನಕ್ಕರು. ಸರಿಯಾಗಿ ಆಗಲೇ ಮೈಕು ಕೂಗಿತು: "ಮಂತ್ರಿ ಪಾತ್ರಧಾರಿ ದಾವಲಬಿ ಅವರಿಗೆ, ಅವರ ಅಣ್ಣ ಇಮಾಮಸಾಬ ಅವರಿಂದ ಆಯೇರಿ. ಇಮಾಮಸಾಬ ಅವರು ಎಲ್ಲಿದ್ದರೂ ವೇದಿಕೆಗೆ ಬರಬೇಕು."

ಪೇಟಿಯವನು ರಾಗ ಎಳೆದ. ದಾವಲಿ ಕತ್ತಿ ಬಗಲಲ್ಲಿ ಇರುಕಿಕೊಂಡು, ಕೈಮುಗಿದು, ಮೆಟ್ಟಿಲ ಕಡೆ ನೋಡುತ್ತ ನಿಂತಳು. ನಾನು ಚೀಲವನ್ನು ತೊಡೆಯ ಕೆಳಗೆ ತುರುಕಿದೆ. ಮೈಕು ಮತ್ತೆ ಕೂಗಿತು. ರಾಗ ಮುಗಿದು ಪೇಟಿಯವನು ಮತ್ತೆ ಶುರುಮಾಡಿದ. ಗುಂಪಿನಲ್ಲಿ ಗುಸುಗುಸು ಎದ್ದಿತು. ಆಗ ದಾವಲಿ ಮುಗಿದ ಕೈ ಬಿಟ್ಟು, ರಾಜನ ಪಾತ್ರದವಳ ಕಡೆ ತಿರುಗಿ, ಮಂತ್ರಿಯ ಗತ್ತಿನಲ್ಲೇ, "ಮಹಾಪ್ರಭು, ಬರುವವರ ದಾರಿ ಕಾಯುತ್ತ ರಾಜ್ಯಭಾರ ನಿಲ್ಲಿಸಲಾದೀತೆ? ಮುಂದುವರಿಯೋಣ" ಎಂದಳು. ಆ ಮಾತು ನಾಟಕದಲ್ಲಿ ಇರಲಿಲ್ಲ. ಚಪ್ಪಾಳೆಗೆ ಬೇವಿನ ಗಿಡದ ಕಾಗೆಗಳು ಎದ್ದು ಹಾರಿದವು. ಗಿಡದ ಬುಡದಲ್ಲಿದ್ದವನು ಮಾತ್ರ ಏಳಲಿಲ್ಲ.

ಸಂಜೆಗೆ ಮನೆಗೆ ಹೋಗಿ, ಆಗ ತಾನೇ ಊರಿಗೆ ಬಂದವನಂತೆ ಬೆವರು ಒರೆಸಿಕೊಂಡು, ಒಮ್ಮೆ ಕೆಮ್ಮಿ, "ಬಸ್ ಕೆಟ್ಟಿತ್ತವಾ, ದಾರ್ಯಾಗ. ಇಲ್ಲಾಂದ್ರ ನಾ ಬರದs ಇರ್ತಿದ್ನೇನು?" ಎಂದೆ. ಅವಳು ಮುಖದ ಬಣ್ಣಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದವಳು, "ಹೌದೇನಣ್ಣಾ" ಎಂದಳು. ಅಷ್ಟೇ. ನಾನು ನಂಬಿಸಿದೆನೆಂದು ನಂಬಿದೆ.

ಮುಂದೆ ಅವಳಿಗೆ ಗಜೇಂದ್ರಗಡದ ರಫೀಕನ ಜೊತೆ ಮದುವೆಯಾಯಿತು. ರಫೀಕ ಯಾರೆಂದರೆ, ಆ ದಿನ ಮೈಕಿನಲ್ಲಿ ನನ್ನ ಹೆಸರು ಕೂಗಿದವನೇ. ಮೈಕ್ ಸೆಟ್ ಬಾಡಿಗೆಗೆ ಕೊಡುವ, ಮೊಬೈಲ್ ರಿಪೇರಿ ಮಾಡುವ ಹುಡುಗ. ಊರವರೆಲ್ಲ ಹಾಸ್ಯ ಮಾಡಿದ ದನಿಯನ್ನು ಅವನು ತನ್ನ ಮೈಕಿನ ಮೂಲಕ ಕೇಳಿ, ಮರುವಾರವೇ ಹಿರಿಯರನ್ನು ಕಳಿಸಿದ್ದ. ಇಂಥ ಸಂಬಂಧ ಬಂದಾಗ ಹೆಣ್ಣಿನ ಅಣ್ಣನಾದವನು ವರನ ಗುಣ ವಿಚಾರಿಸಬೇಕು; ನಾನು ಮದುವೆ ಮುಗಿಯುವವರೆಗೂ, ಇವನೆಲ್ಲಿ ಆ ಆಯೇರಿಯ ವಿಷಯ ಎತ್ತುತ್ತಾನೋ ಎಂದು ಅವನ ಎದುರಿಗೇ ಬಾರದೆ ಅಡಿಗೆಯವರ ಹತ್ತಿರ ಈರುಳ್ಳಿ ಎಣಿಸುತ್ತಿದ್ದೆ.

ಇಷ್ಟು ಹಳೆಯ ಕಥೆ. ಈಗ ಕಾರಭಾರಿಯ ಪ್ರವೇಶ.

ನನ್ನ ಮಗಳು ಅಮೀನಾ, ಈಗಿನ ಎಲ್ಲ ಮಕ್ಕಳಂತೆ, ಜಪಾನಿನ ಕಾರ್ಟೂನು ನೋಡುವವಳು. ಕಾರ್ಟೂನು ಎಂದರೆ ಸಿಟ್ಟಿಗೇಳುತ್ತಾಳೆ, ಅನಿಮೆ ಅನ್ನಬೇಕಂತೆ. ಅದರಲ್ಲೊಂದು ಸರಣಿ ಕನ್ನಡದಲ್ಲಿ ಬರತೊಡಗಿತು. ಮೋಡದ ಮೇಲೆ ತೇಲುವ ಕೋಟೆಗಳ ರಾಜ್ಯ, ಒಂದರಿಂದ ಇನ್ನೊಂದಕ್ಕೆ ಹೋಗಲು ಹಾರುವ ಹಡಗು. ಒಂದೊಂದು ಕೋಟೆಯನ್ನೂ ಸರಪಳಿಯಿಂದ ಕೆಳಗಿನ ಬೆಟ್ಟಕ್ಕೆ ಕಟ್ಟಿರುತ್ತಾರೆ, ಇಲ್ಲದಿದ್ದರೆ ಗಾಳಿಪಟದಂತೆ ಹೋಗಿಬಿಡುತ್ತವೆ. ಪಟ್ಟಕ್ಕೆ ಬಂದ ರಾಣಿ ಸಣ್ಣ ಹುಡುಗಿ. ಅವಳಿಗೆ ಬುದ್ಧಿ ಹೇಳಲು ಒಬ್ಬ ಮಹಾಮಂತ್ರಿ: ಉದ್ದಕ್ಕೆ, ತೆಳ್ಳಗೆ, ಗಡ್ಡ ಮೀಸೆ ಇಲ್ಲದ ಬಿಳಿ ಮುಖ, ಪಾರಿವಾಳದ ಬಣ್ಣದ ನಿಲುವಂಗಿ. ದಿನಾ ಮುಂಜಾನೆ ರಾಣಿಯ ಜಡೆಯನ್ನು ತಾನೇ ಹೆಣೆಯುತ್ತ ರಾಜ್ಯದ ಸುದ್ದಿ ಹೇಳುತ್ತಾನೆ. ಸಂಜೆಗೆ ಒಬ್ಬನೇ ಹೋಗಿ ಸರಪಳಿಯ ಕೊಂಡಿಗಳನ್ನು ಅರ ಹಾಕಿ ಉಜ್ಜುತ್ತಾನೆ. ಅವನ ಜಪಾನೀ ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ. ಅರಸರಿದ್ದ ಊರು ನಮ್ಮ ನರಗುಂದ. ಅರಸರ ಪಕ್ಕದಲ್ಲಿ ನಿಂತು ವ್ಯವಹಾರ ನೋಡುವವನನ್ನು ಇಲ್ಲಿ ಕಾರಭಾರಿ ಅನ್ನುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಅವನು ಕಾರಭಾರಿ.

ಕಾರಭಾರಿಗೆ ಕನ್ನಡದಲ್ಲಿ ದನಿ ಕೊಟ್ಟವಳು ನನ್ನ ತಂಗಿ. ಜಪಾನಿನಲ್ಲೂ ಆ ಪಾತ್ರಕ್ಕೆ ದನಿ ಕೊಟ್ಟವಳು ಹೆಂಗಸೇ ಅಂತೆ. ರಫೀಕ ಅವಳ ದನಿಯನ್ನು ಫೋನಿನಲ್ಲಿ ಹಿಡಿದು ಯಾವುದೋ ಕಂಪನಿಗೆ ಕಳಿಸಿದ್ದ, ಅವರು ಆರಿಸಿಕೊಂಡರು. ಗಜೇಂದ್ರಗಡದ ಮನೆಯ ಹಿಂದಿನ ಕೋಣೆಯೇ ಈಗ ಅವಳ ಅರಮನೆ. ಚಿತ್ರ ಬರುತ್ತದೆ, ನೋಡುತ್ತ ತುಟಿಗೆ ಸರಿಯಾಗಿ ಮಾತು ಕೂಡಿಸಿ ಹೇಳುತ್ತಾಳೆ, ರಫೀಕ ಕಳಿಸುತ್ತಾನೆ. ಪಕ್ಕದಲ್ಲೆಲ್ಲ ಸೀರೆ ನೇಯುವ ಕರೆಂಟಿನ ಮಗ್ಗಗಳು, ಖಟಪಟ ಸದ್ದು. ಅದರಿಂದ ಕರೆಂಟು ಹೋದಾಗಲೇ ಅವಳ ಕೆಲಸ. ಓಣಿಯವರೆಲ್ಲ ಕರೆಂಟು ಹೋಯಿತೆಂದು ಬೈಯುವಾಗ ಅವಳು ಒಲೆಯ ಮೇಲಿನ ಹಾಲು ಇಳಿಸಿ ಓಡುತ್ತಾಳೆ, ಮಂತ್ರಿಯಾಗಲು.

ಆ ಕೋಣೆಗೆ ಸದ್ದು ಹೀರುವ ಗಾದಿ ಬೇಕೆಂದು ನನಗೆ ಹೇಳಿ ಕಳಿಸಿದ್ದಳು. ನಾನು ಜೀವನವಿಡೀ ಮನುಷ್ಯರಿಗೆ ಗಾದಿ ಹೊಲಿದವನು, ಮೊದಲ ಸಲ ಗೋಡೆಗಳಿಗೆ ಹೊಲಿದೆ. ಒಳ್ಳೆಯ ಹತ್ತಿ ಹಾಕಿ, ಹೊಲಿಗೆ ಹತ್ತಿರ ಹತ್ತಿರ ಹಾಕಿ, ಮಾಲಿನ ಗಾಡಿಯಲ್ಲಿ ಕಳಿಸಿದೆ. ನಾನು ಹೋಗಲಿಲ್ಲ. ಹೋಗದಿರುವುದು ನನಗೆ ಆಗಲೇ ರೂಢಿಯಾಗಿತ್ತು.

ಆದರೆ ಆ ದನಿಯ ವಿಷಯ ಏನು ಹೇಳಲಿ! ನಾವು ಕಂಡ ಖಳರೆಲ್ಲ ಗರ್ಜಿಸುವವರು. ಇವನು ಗರ್ಜಿಸುವುದೇ ಇಲ್ಲ. ಹಿಂಜಿದ ಹತ್ತಿಯಂಥ ಮಾತು, ಒಳಗೆ ಸೂಜಿ. ನರಗುಂದದಲ್ಲಿ ನನ್ನ ಅಂಗಡಿಯ ಎದುರಿಗೇ ಆ ಮಾತು ಕೇಳಿ ಲಟಿಕೆ ಮುರಿದವರನ್ನು ಕಂಡಿದ್ದೇನೆ. ದಲಾಲಿ ಪೇಟೆಯಲ್ಲಿ ಚೀಲ ಹೊರುವ ಬಸಪ್ಪ ತಲೆದಿಂಬು ಒಯ್ಯಲು ಬಂದವನು, ಅಮೀನಾಳ ಫೋನಿನ ಮುಂದೆ ಹಾಗೇ ನಿಂತುಬಿಟ್ಟ. "ಯಾರವಾ ಇಂವ? ಬಾಯಾಗ ಬೆಲ್ಲ, ಬಗಲಾಗ ಕುಡಗೋಲ! ಇಂಥಾವನ್ನ ಕೈಯಾಗ ಆ ಕೂಸಿನ ಜಡಿ ಯಾಕ ಕೊಟ್ಟಾರ?" ಎಂದು ಖರೇ ಸಿಟ್ಟಿಗೆದ್ದ. ನನ್ನ ಎದೆ ಗಾದಿಯಂತೆ ಉಬ್ಬಿತು. "ಅದು ನನ್ನ ತಂಗಿ" ಎನ್ನಲು ಬಾಯಿ ತೆರೆದೆ. ಮೀಸೆ ಹಚ್ಚಿ ನಿಂತ ದಿನ ಯಾರ ತಂಗಿಯೋ ಆಗಿದ್ದವಳು, ಊರೆಲ್ಲ ಬೆರಗಾಗುವ ದಿನ ನನ್ನ ತಂಗಿ ಆಗಬೇಕೆ? ಬಾಯಿ ಮುಚ್ಚಿ, ಬಸಪ್ಪನ ತಲೆದಿಂಬಿಗೆ ಇನ್ನೊಂದು ಹಿಡಿ ಹತ್ತಿ ತುರುಕಿದೆ. ಅವನ ಕುತ್ತಿಗೆ ಉಳುಕಿದ್ದರೆ ಅದಕ್ಕೆ ನನ್ನ ಹೆಮ್ಮೆಯೇ ಕಾರಣ.

ಹೀಗೆ ಕದ್ದು ಹೆಮ್ಮೆಪಡುತ್ತಿದ್ದಾಗ ಒಂದು ಭಾಗ ಬಂತು. ರಾಣಿಯ ತಮ್ಮ ಮೂಡಣ ಕೋಟೆಯಲ್ಲಿರುತ್ತಾನೆ. ಕಾರಭಾರಿ ಉಜ್ಜಿದ ಸರಪಳಿ ಅಂದು ಹರಿಯುತ್ತದೆ. ಕೋಟೆ ಹುಡುಗನ ಸಮೇತ ಮೋಡದಲ್ಲಿ ತೇಲಿಹೋಗುವುದನ್ನು ಅವನು ಬಂಡೆಯ ಮರೆಯಲ್ಲಿ ನಿಂತು ನೋಡುತ್ತಾನೆ. ಆಮೇಲೆ ಅರಮನೆಗೆ ಬಂದು, ಬೆವರು ಒರೆಸಿಕೊಂಡು, ಗಂಟಲಲ್ಲಿ ಒಣಕೆಮ್ಮು ಕೆಮ್ಮಿ, "ಹಡಗು ತಡವಾಯಿತು, ಮಹಾರಾಣಿ. ಇಲ್ಲದಿದ್ದರೆ ನಾನು ಅಲ್ಲಿ ಇರದೇ ಇರುತ್ತಿದ್ದೆನೆ?" ಎನ್ನುತ್ತಾನೆ.

ನಾನು ಗಾದಿಗೆ ಹೊಲಿಗೆ ಹಾಕುತ್ತಿದ್ದವನು ಸೂಜಿ ನಿಲ್ಲಿಸಿದೆ. ಅಮೀನಾ ನಕ್ಕಳು. "ಅಪ್ಪಾ, ಕಾರಭಾರಿ ಥೇಟ್ ನಿನ್ನಂಗ ಕೆಮ್ಮತಾನ!"

"ಹತ್ತಿ ಧೂಳಿಗೆ ಎಲ್ಲಾರೂ ಕೆಮ್ಮತಾರವಾ," ಎಂದೆ.

"ಮೋಡದಾಗ ಹತ್ತಿ ಎಲ್ಲೈತಿ?"

ಒಳಗಿನಿಂದ ನನ್ನ ಹೆಂಡತಿ ಮುಮತಾಜ ತಲೆ ಹೊರಗೆ ಹಾಕಿದಳು. "ನಿಮ್ಮಪ್ಪ ಧೂಳಿಗೆ ಎಲ್ಲಿ ಕೆಮ್ಮತಾನ? ಸುಳ್ಳ ಹೇಳೂಮುಂದ ಅಷ್ಟ ಕೆಮ್ಮತಾನ. ಮದಿವ್ಯಾದಾಗಿಂದ ನೋಡಾಕತ್ತೀನಿ."

ಇಂಥ ಸಂಗತಿಯನ್ನು ಹೆಂಡತಿ ಇಷ್ಟು ವರ್ಷ ತನ್ನಲ್ಲೇ ಇಟ್ಟುಕೊಂಡಿದ್ದಳೆಂದರೆ, ನಾನು ಹೇಳಿದ ಎಷ್ಟು ಸುಳ್ಳುಗಳು ಕೆಮ್ಮಿನೊಡನೆಯೇ ಬಯಲಾಗಿದ್ದವೋ, ಲೆಕ್ಕ ಹಾಕುವ ಧೈರ್ಯ ನನಗಿಲ್ಲ. ಮುಖ್ಯ ವಿಷಯ ಅದಲ್ಲ. ಬೆವರು ಒರೆಸಿಕೊಂಡದ್ದು, "ಇಲ್ಲದಿದ್ದರೆ ಇರದೇ ಇರುತ್ತಿದ್ದೆನೆ" ಎಂದ ಧಾಟಿ, ಮೊದಲಿನ ಆ ಕೆಮ್ಮು. ಯಾರದೆಂದು ಜಗತ್ತಿನಲ್ಲಿ ಇಬ್ಬರಿಗೇ ತಿಳಿಯಬೇಕಾದ್ದು. ತಂಗಿಗೆ ಫೋನು ಹಚ್ಚಿದೆ.

"ದಾವಲಿ, ಆ ಕೆಮ್ಮು ಎಲ್ಲಿಂದ ತಂದಿ?"

ಅವಳು ಬಾವಿಯೊಳಗಿನ ನಗು ನಕ್ಕಳು. "ಅಲ್ಲಿ ಅವನ ತುಟಿ ಮೊದಲs ತೆರಿತಾವಣ್ಣಾ, ಮಾತು ಆಮ್ಯಾಲೆ. ನಡುವ ಏನರ ಹಾಕಬೇಕಾಗಿತ್ತು. ನಿನ್ನ ಕೆಮ್ಮು ಸರಿಯಾಗಿ ಕುಂತಿತು."

"ನಂದೇನು?"

"ಮತ್ತ್ಯಾರದು? ಬಸ್ ಕೆಟ್ಟಿತ್ತು ಅಂತ ಹೇಳಿದಿಯಲ್ಲಾ, ನಾಟಕದ ದಿನ. ಅದs ಕೆಮ್ಮು."

ನಾನು ಗಾದಿಯ ಮೇಲೆ ಕುಳಿತೆ. ಕೆಳಗೆ ಚುಚ್ಚುತ್ತಿದ್ದದ್ದು ನನ್ನದೇ ಸೂಜಿ ಎಂದು ಆಮೇಲೆ ತಿಳಿಯಿತು. "ಕೆಟ್ಟಿರಲಿಲ್ಲ ಅಂತ ನಿನಗ ಹ್ಯಾಂಗ ಗೊತ್ತು?"

"ಹಗಲ ನಾಟಕ ಅಣ್ಣಾ ಅದು! ಬೇವಿನ ಗಿಡದ ಬುಡಕ ಕುಂತಿದ್ದಿ, ಬಿಳೇ ಅಂಗಿ ಹಾಕ್ಕೊಂಡು. ತೊಡಿ ಬುಡಕ ಚೀಲ ತುರಕೋದೂ ಕಂಡೆ. ನನ್ನ ಕಣ್ಣ ಮುಂದನs ಇದ್ದಿಯಲ್ಲೋ."

ನೋಡಿ, ಎಂಥ ಮೂರ್ಖತನ. ಹುಟ್ಟಿದಾಗಿನಿಂದ ರಾತ್ರಿ ನಾಟಕ ನೋಡಿದವನು ನಾನು. ರಾತ್ರಿ ನಾಟಕದಲ್ಲಿ ವೇದಿಕೆಯ ದೀಪ ಕಣ್ಣಿಗೆ ಹೊಡೆದು ಪಾತ್ರಧಾರಿಗೆ ಎದುರಿಗಿನ ಜನ ಕಾಣುವುದಿಲ್ಲ. ಕತ್ತಲಲ್ಲಿ ಕುಳಿತವನು ಕ್ಷೇಮ. ಆ ರೂಢಿಯಲ್ಲೇ, ಸುಡುವ ಬಿಸಿಲಿನಲ್ಲಿ, ಬಿಳಿ ಅಂಗಿ ಹಾಕಿಕೊಂಡು, ನಾನು ಯಾರಿಗೂ ಕಾಣುತ್ತಿಲ್ಲವೆಂದು ಭಾವಿಸಿ ಕುಳಿತಿದ್ದೆ. ಕಾರಭಾರಿಗೆ ಕನಿಷ್ಠ ಒಂದು ಬಂಡೆಯಾದರೂ ಇತ್ತು.

"ಮತ್ತ ಇಷ್ಟ ವರ್ಷ ಸುಮ್ಮನ ಯಾಕ ಇದ್ದಿ?"

"ನೀನs ಹೇಳ್ತಿ ಅಂತ ಕಾದೆ," ಎಂದಳು. ಆಮೇಲೆ ಅವಳೇ, "ಬರೂ ಐತವಾರ ಕಾರಭಾರಿ ಸಾಯ್ತಾನ. ಕಡೀ ಭಾಗಕ್ಕ ದನಿ ಕೊಡೂದೈತಿ. ಬರ್ತಿಯೇನು ನೋಡಾಕ?" ಎಂದಳು.

ಕ್ಷಮಿಸು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಾಯಿ ತೆರೆದೆ. ಕೆಮ್ಮು ಬಂತು. ಅವಳು ಆ ಕಡೆ ನಕ್ಕು ಫೋನಿಟ್ಟಳು.

ಆ ವಾರವೆಲ್ಲ ಅಂಗಡಿಯಲ್ಲಿ ಕುಳಿತು ಗುಡ್ಡದ ಮೇಲಿನ ಕೋಟೆ ನೋಡುತ್ತಿದ್ದೆ. ಅದು ಎಲ್ಲಿಗೂ ಹಾರಿಹೋಗುವ ಹಾಗೆ ಕಾಣಲಿಲ್ಲ. ನನಗೆ ಹೊಳೆದದ್ದು ಬೇರೆ. ಕಾರಭಾರಿ ಸತ್ತರೆ ಪಾತ್ರ ಮುಗಿಯಿತು. ಪಾತ್ರ ಮುಗಿದ ಮೇಲೆ ಆಯೇರಿ ಇಲ್ಲ. ಮೊದಲನೆಯದನ್ನು ಕಳೆದುಕೊಂಡವನು ಇದನ್ನೂ ಕಳೆದುಕೊಂಡರೆ, ಆ ರುಮಾಲನ್ನು ಇನ್ನು ತಲೆದಿಂಬಿಗೆ ಗವಸು ಮಾಡಬೇಕಷ್ಟೆ.

ಭಾನುವಾರ ಬೆಳಿಗ್ಗೆಯೇ ರುಮಾಲು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ರೋಣ ದಾಟಿದ್ದೇ ತಡ, ಬಸ್ಸು ಮೂರು ಸಲ ನಡುಗಿ, ಹೊಗೆಯುಗುಳಿ, ಕಡಲೆ ಹೊಲದ ಪಕ್ಕದಲ್ಲಿ ನಿಂತುಬಿಟ್ಟಿತು. ಡ್ರೈವರ್ ಕೆಳಗಿಳಿದು ನೋಡಿ, "ಕೆಟ್ಟೈತ್ರೀ" ಎಂದ. ಜನ ಗೊಣಗಿದರು, ನಾನೊಬ್ಬ ನಕ್ಕುಬಿಟ್ಟೆ. ಕಂಡಕ್ಟರ್ ನನ್ನನ್ನು ಸಂಶಯದಿಂದ ನೋಡಿದ. ಒಮ್ಮೆ ಆಡಿದ ಸುಳ್ಳು ಇಷ್ಟು ವರ್ಷ ನನ್ನನ್ನು ಹುಡುಕುತ್ತ ರೋಣದವರೆಗೂ ಬಂದು ನಿಜವಾದದ್ದನ್ನು ಅವನಿಗೆ ಹೇಗೆ ವಿವರಿಸಲಿ? ಎಲ್ಲರೊಂದಿಗೆ ಬಸ್ಸು ದೂಡಿದೆ. ಅದು ಹಂದಲಿಲ್ಲ. ಕೊನೆಗೆ ಕಡಲೆ ಚೀಲ ಒಯ್ಯುವ ಟ್ರ್ಯಾಕ್ಟರಿನ ಮೇಲೆ ಕುಳಿತು, ಮೈತುಂಬ ಹೊಟ್ಟು ಮಾಡಿಕೊಂಡು ಗಜೇಂದ್ರಗಡ ಮುಟ್ಟಿದೆ.

ಬಾಗಿಲಲ್ಲಿ ದಾವಲಿ ನಿಂತಿದ್ದಳು. "ಯಾಕಣ್ಣಾ ಇಷ್ಟ ತಡಾ?"

"ಬಸ್ ಕೆಟ್ಟಿತ್ತವಾ," ಎಂದೆ.

ಅವಳು ರಫೀಕನನ್ನು ನೋಡಿದಳು, ರಫೀಕ ಅವಳನ್ನು ನೋಡಿದ, ಇಬ್ಬರೂ ಗೋಡೆ ಹಿಡಿದು ನಗತೊಡಗಿದರು. "ಬಂದ್ರು ಬಂದ್ರು, ಕಾರಭಾರಿ ಸಾಹೇಬ್ರು ಬಂದ್ರು!"

"ಖರೇನs ಕೆಟ್ಟಿತ್ತವಾ! ನೋಡಿಲ್ಲಿ, ದೂಡಿದ ಮಸಿ!" ಎಂದು ಅಂಗೈ ತೋರಿಸಿದೆ.

"ಹೌದ ಬಿಡು, ಕೆಮ್ಮ ಬರಲಿಲ್ಲ," ಎಂದು ಅವಳು ತೀರ್ಪು ಕೊಟ್ಟು ಚಹಕ್ಕೆ ಇಟ್ಟಳು.

ಕರೆಂಟು ಹೋಗಿರಲಿಲ್ಲ, ಮಗ್ಗಗಳು ನಡೆದಿದ್ದವು. ಚಹ ಕುಡಿದೆವು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಕೆಳಗಲ್ಲ. ಹೇಳಬೇಕಾದ ಮಾತು ಹೇಳಲು ಸಮಯ ಬೇಕಾದಷ್ಟಿತ್ತು. ನಾನು ಮಳೆ, ಕಡಲೆ, ಹತ್ತಿಯ ಧಾರಣೆ ಎಲ್ಲ ಮಾತಾಡಿದೆ. ಅಷ್ಟರಲ್ಲಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವು, ಓಣಿಯೇ ಉಸಿರು ಹಿಡಿದಂತಾಯಿತು. "ಹೋತು!" ಎಂದು ಇಬ್ಬರೂ ಖುಷಿಯಿಂದ ಎದ್ದರು.

ಗೋಡೆಗಳ ಮೇಲೆ ನಾನು ಹೊಲಿದ ಗಾದಿಗಳು ನಿಂತಿದ್ದವು. ಆ ಕೋಣೆಯಲ್ಲಿ ಮಾತಿಗೆ ಮಾರ್ದನಿ ಇಲ್ಲ. ಏನು ಆಡುತ್ತೇವೋ ಅದಷ್ಟೇ, ಬಿದ್ದಲ್ಲೇ ಬಿದ್ದಿರುತ್ತದೆ. ರಫೀಕ ನನ್ನನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿ, ಲ್ಯಾಪ್‌ಟಾಪು ತೆರೆದ. ದಾವಲಿ ತಲೆಯ ಮೇಲಿನ ಓಢಣಿ ಸರಿಮಾಡಿಕೊಂಡು, ಹೆಡ್‌ಫೋನು ಏರಿಸಿ, ಮೈಕಿನ ಮುಂದೆ ನಿಂತಳು. ನಿಂತ ಮರುಗಳಿಗೆ ಅವಳ ಭುಜ ಬೇರೆಯಾಯಿತು, ಕುತ್ತಿಗೆ ಉದ್ದವಾಯಿತು. ಚಹದ ಕಪ್ಪು ತೊಳೆದ ಕೈಯೇ ಇಲ್ಲದ ನಿಲುವಂಗಿಯ ತೋಳು ಸರಿಸಿತು. ಬೇವಿನ ಗಿಡದ ಬುಡದಲ್ಲಿ ಕುಳಿತು ನಾನು ಕಳೆದುಕೊಂಡದ್ದು ಏನೆಂದು ಆಗ ತಿಳಿಯಿತು. ಅಂದೂ ಇವಳು ಹೀಗೇ ನಿಂತಿರಬೇಕು. ನಾನು ಹಿಂದಿನವನ ನಗೆಯ ಕಡೆ ಕಿವಿಯಿಟ್ಟು, ಮುಂದಿನ ಇದನ್ನು ನೋಡಲೇ ಇಲ್ಲ.

ಚಿತ್ರದಲ್ಲಿ ಕಾರಭಾರಿ ತಾನೇ ಉಜ್ಜಿದ ಕೊನೆಯ ಸರಪಳಿಗೆ ಜೋತುಬಿದ್ದಿದ್ದ. ಕೆಳಗೆ ಬರೀ ಮೋಡ. ಅರ್ಧ ಹೆಣೆದ ಜಡೆಯ ಆ ಹುಡುಗಿ ರಾಣಿ ಬಗ್ಗಿ ಕೈ ಚಾಚಿ, ಅಂದು ನನ್ನ ತಮ್ಮನ ಹತ್ತಿರ ನೀನು ಇದ್ದೆಯಾ ಎಂದು ಕೇಳುತ್ತಾಳೆ. ಇದ್ದೆ ಅಂದರೆ ಸಾಕು, ಎಳೆದುಕೊಳ್ಳುತ್ತಾಳೆ. ಕಾರಭಾರಿ ಅವಳ ಕೈ ನೋಡುತ್ತಾನೆ, ನಗುತ್ತಾನೆ, ಕೆಮ್ಮುತ್ತಾನೆ. "ಹಡಗು ತಡವಾಯಿತು, ಮಹಾರಾಣಿ."

ದಾವಲಿ ಆ ಮಾತನ್ನು ಎಷ್ಟು ಮೆತ್ತಗೆ ಹೇಳಿದಳೆಂದರೆ, ಸಾಯುವವನ ಮೇಲೆ ನನಗೆ ಸಿಟ್ಟೂ ಕರುಣೆಯೂ ಒಟ್ಟಿಗೇ ಬಂದವು. ಕೈ ಎದುರಿಗಿದೆ, ಒಂದೇ ಮಾತು ಆಡಬೇಕು, ಆಡಲಾರ. ಯಾರೋ ಜಪಾನಿನಲ್ಲಿ ಕುಳಿತು ಬರೆದದ್ದು; ಅವನಿಗೆ ಬೇರೆ ಮಾತಿಲ್ಲ. ನನಗೆ ಯಾರೂ ಬರೆದುಕೊಟ್ಟಿಲ್ಲವಲ್ಲ.

ಅಷ್ಟರಲ್ಲಿ ಹೊರಗೆ ಒಂದು ಮೋಟರ್‌ಸೈಕಲ್ಲು ಹಾದುಹೋಯಿತು. ರಫೀಕ ಕೈ ಎತ್ತಿ, "ಸದ್ದ ಬಂತು. ಕಡೀ ಮಾತು ಇನ್ನೊಮ್ಮೆ," ಎಂದ. ಪರದೆಯ ಮೇಲೆ ಕಾರಭಾರಿ ಸರಪಳಿ ಹಿಡಿದು ಹಾಗೇ ನಿಂತ. ಇನ್ನೂ ಸತ್ತಿರಲಿಲ್ಲ.

ನಾನು ಎದ್ದು ನಿಂತೆ. ಸ್ಟೂಲು ಹಿಂದಿನ ಗೋಡೆಯ ಗಾದಿಗೆ ವಾಲಿತು, ಸದ್ದಾಗಲಿಲ್ಲ.

"ರಫೀಕ, ಕೂಗೋ ನನ್ನ ಹೆಸರು. ಅಸೂಟ್ಯಾಗ ಕೂಗಿದಂಗ."

"ಅಣ್ಣಾ, ಮೈಕ್ ಚಾಲೂ ಐತಿ."

"ಚಾಲೂನs ಇರಲಿ."

ರಫೀಕ ದಾವಲಿಯ ಮುಖ ನೋಡಿದ. ಅವಳು ಮೆಲ್ಲಗೆ ಕೈಮುಗಿದು ಬಾಗಿಲ ಕಡೆ ತಿರುಗಿ ನಿಂತಳು, ಬಗಲಲ್ಲಿ ಕತ್ತಿ ಇದ್ದವಳಂತೆ. ರಫೀಕ ಗಂಟಲು ಸರಿಮಾಡಿಕೊಂಡ. "ಮಂತ್ರಿ ಪಾತ್ರಧಾರಿ ದಾವಲಬಿ ಅವರಿಗೆ, ಅವರ ಅಣ್ಣ ಇಮಾಮಸಾಬ ಅವರಿಂದ ಆಯೇರಿ. ಇಮಾಮಸಾಬ ಅವರು ಎಲ್ಲಿದ್ದರೂ ವೇದಿಕೆಗೆ ಬರಬೇಕು."

ಹೋದೆ. ರುಮಾಲು ಬಿಚ್ಚಿ, ಹೆಡ್‌ಫೋನಿನ ಮೇಲೆಯೇ ಅವಳ ತಲೆಗೆ ಸುತ್ತಿದೆ. ಮಡಿಕೆಯ ಗೆರೆ ಸರಿಯಾಗಿ ಹಣೆಯ ಮೇಲೆ ಬಂತು. ಮಸಿಯ ಕೈಯದೊಂದು ಗುರುತೂ ಬಿತ್ತು. "ಲಗೂ ಮುಗಸಣ್ಣಾ," ಎಂದಳು, "ಕರೆಂಟ್ ಬಂದೀತು. ಇಂವಾ ಇನ್ನೂ ಜೋತಾಡಾಕತ್ತಾನ."

ಗಂಟಲಲ್ಲಿ ಏನೋ ಕೆರೆದಂತಾಯಿತು. ಅದು ಹೋಗುವವರೆಗೆ ಕಾದೆ. ಆಮೇಲೆ ಹೇಳಿದೆ.

"ಅವತ್ತು ಬಸ್ ಕೆಟ್ಟಿರಲಿಲ್ಲ ದಾವಲಿ. ನಾ ಅಲ್ಲೇ ಇದ್ದೆ. ಮಂದಿ ನಕ್ಕಾರಂತ ಏಳಲಿಲ್ಲ. ನೀ ಭಾಳ ಚಲೋ ಮಾಡಿದ್ದಿ, ಅದನ್ನೂ ಹೇಳಲಿಲ್ಲ. ತಪ್ಪಾತವಾ ನಂದು. ಮಾಫ್ ಮಾಡು."